ಮೊದಲು ಆಕಾಶ ತೋರಿಸಿ

ಫೆಲಿಕ್ಸ್ ಪೊರ್ಬುಗಳು ಕೋವಿಯನ್ನು ಕಣ್ಣು ಮುಚ್ಚಿಕೊಂಡು ಪರೀಕ್ಷಿಸುತ್ತಿದ್ದರು. ಒಮಾನಿನ ರೂವಿಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಬಿಡುವಿಗೆ ನೆಲ ಒರೆಸುವ ಕೋಲನ್ನೇ ಕೋವಿಯಾಗಿಸಿ ಅದನ್ನು ನಮಗೆ ತೋರಿಸಿಕೊಡುವರು. ಎರಡೂ ಕಣ್ಣು ಮುಚ್ಚಿ, ಕೋಲನ್ನು ಒಮ್ಮೆಗೇ ಹೆಗಲಿಗೇರಿಸಿ, ಕೆನ್ನೆ ಒತ್ತಿ, ಆಮೇಲೆ ಕಣ್ಣು ತೆರೆಯಬೇಕು. ನೋಟ ನಳಿಗೆಯ ಬೆನ್ನ ಮೇಲೆ ನೇರವಾಗಿ ಹರಿದರೆ ಅದು ನಮ್ಮ ಕೋವಿ. ಕತ್ತು ಕೊಂಕಿಸಬೇಕಾಗಿ ಬಂದರೆ ಅದು ಬೇರೆಯವರದ್ದು.

“ಅಂಗಿಯ ಹಾಗೆ ಭಟ್ರೇ. ಚಂದ ಉಂಟೂಂತ ಬೇರೆಯವರದ್ದು ಹಾಕಿದ್ರೆ ಕಂಕುಳಲ್ಲಿ ಹಿಡೀತದೆ.”

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಲೆಕ್ಕಪತ್ರದ ವಿಭಾಗದಲ್ಲಿದ್ದೆ. ಅವರು ಕಂಪನಿಯ ವಾಹನಗಳ ಉಸ್ತುವಾರಿ. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಊರಿನ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ದೊಡ್ಡ ಹೊಟ್ಟೆ, ಪ್ರಾರ್ಥನೆಯ ಹಾಡಿನಲ್ಲಿ ಎಲ್ಲರಿಗಿಂತ ಕೆಳಗಿನ ದನಿ. ಅಜ್ಜನ ಜೋಡು ನಳಿಗೆಯ ಕೋವಿಯನ್ನು ಒರೆಸುತ್ತಲೇ ಬೆಳೆದವರು. ಒಮಾನಿನಲ್ಲಿ ಅವರ ಬಳಿ ಕೋವಿ ಇರಲಿಲ್ಲ. ಆದರೆ ನಮ್ಮ ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟ ಧಣಿ, ಸಲೀಮರಿಗೆ ಆ ಹುಚ್ಚಿತ್ತು. ರಜೆಯ ದಿನ ಯಂತ್ರ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವರು. ಚಳಿಗಾಲದಲ್ಲಿ ಸ್ನೇಹಿತರೊಡನೆ ಹೊರದೇಶಕ್ಕೆ ಕೌಜುಗದ ಬೇಟೆಗೆ ಹೋಗುವರು. ಎರಡೂ ಕೆಲಸಕ್ಕೆ ಒದಗುವ ಹಳೆಯ ಕೋವಿಯೊಂದು ಅವರಿಗೆ ಬೇಕಿತ್ತು. ಆರಿಸುವ ಹೊಣೆ ಪೊರ್ಬುಗಳ ಮೇಲೆ ಬಿತ್ತು. ಕಾರು ಓಡಿಸುವುದು ನನ್ನ ಪಾಲಿಗೆ ಬಂತು.

“ಬಿಲ್ಲೆ ಹೊಡೀಲಿಕ್ಕೆ ಭಾರ ಇದ್ದರೆ ಒಳ್ಳೇದು, ಹಕ್ಕಿಯ ಹಿಂದೆ ನಡೀಲಿಕ್ಕೆ ಹಗುರ ಬೇಕು,” ಎಂದು ಪೊರ್ಬುಗಳು ಸಲೀಮರಿಗೆ ಹೇಳಿದ್ದರು. “ನಿಮಗೆ ಎರಡೂ ಬೇಕು. ಹಾಗಾದ್ರೆ ಅವಸರ ಮಾಡಬೇಡಿ ಸಾಬ್.”

ಮತ್ರಾದ ವ್ಯಾಪಾರಿಯೊಬ್ಬರ ಮನೆಯಲ್ಲಿ ಬೆಳ್ಳಿ ಕೆತ್ತನೆಯ ಕೋವಿ ಕಂಡು ಸಲೀಮರು ಮರುಳಾದರು. ಪೊರ್ಬುಗಳು ನಳಿಗೆಗಳನ್ನು ಬಿಚ್ಚಿ, ಒಂದು ಬೆರಳಿಗೆ ತೂಗುಹಾಕಿ, ಉಗುರಿನಿಂದ ಮೀಟಿದರು. ಗಂಟೆಯಂತೆ ನಾದ ಬರಬೇಕಾದಲ್ಲಿ ಗೊರಗೊರ ಸದ್ದು ಬಂತು. ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿತ್ತು.

“ಕೆಮ್ಮುತ್ತದೆ. ಬೇಡ.”

ಹೊರಗೆ ಬಂದ ಮೇಲೆ ಸಲೀಮರು ಹಿಂದಿಯಲ್ಲಿ ಗೊಣಗಿದರು: “ನೀನು ನೋಡುವುದು ಕೋವಿಯನ್ನೋ, ಮದುವೆಯ ಹೆಣ್ಣನ್ನೋ?”

“ಹೆಣ್ಣಾದರೆ ಇಷ್ಟು ನೋಡಲಿಕ್ಕೆ ಬಿಡ್ತಿದ್ರಾ ಸಾಬ್? ನನ್ನ ಹೆಂಡತಿಯನ್ನು ನಾನು ಬಿಸ್ಕುಟಿನ ಪ್ಲೇಟಿನ ಹಿಂದೆ ಅರ್ಧ ಮುಖ ಕಂಡು ಒಪ್ಪಿದ್ದು.”

ಪೊರ್ಬುಗಳದ್ದೊಂದು ಹಠವಿತ್ತು. ಮುಚ್ಚಿದ ಕೋವಿಯನ್ನು ಯಾರು ಕೊಟ್ಟರೂ ಮುಟ್ಟುತ್ತಿರಲಿಲ್ಲ. “ಮೊದಲು ಆಕಾಶ ತೋರಿಸಿ,” ಎನ್ನುವರು. ಕೊಡುವವರು ಕೋವಿಯನ್ನು ನಡುವಿನಲ್ಲಿ ಮಡಚಿ ತೆರೆಯಬೇಕು; ಎರಡೂ ನಳಿಗೆಗಳ ಒಳಗಿಂದ ಆಚೆಯ ಬೆಳಕು ಕಾಣಬೇಕು. ಆಮೇಲೆ ಉಳಿದ ಮಾತು. ಹಲವರಿಗೆ ಇದು ಅವಮಾನವೆನಿಸುತ್ತಿತ್ತು. ಆದ್ದರಿಂದ ಇನ್ನೊಂದು ಕೋವಿ ನೋಡಲು ಸಹಮ್ ಎಂಬ ಊರಿಗೆ ಹೊರಟ ದಿನ ಸಲೀಮರು ಕಾರಿನಲ್ಲೇ ಎಚ್ಚರಿಸಿದರು. ಕೋವಿ ಮಾರುವವರು ಹಮೂದ್, ಸಲೀಮರ ತಂದೆಯ ಆಪ್ತ ಸ್ನೇಹಿತರು.

“ಅವರು ನನಗೆ ತಂದೆಯ ಸಮಾನ. ಕೊಟ್ಟದ್ದನ್ನು ಮರ್ಯಾದೆಯಿಂದ ತೆಗೆದುಕೊಳ್ಳಬೇಕು. ನಿನ್ನ ಆಕಾಶದ ಮಾತು ಅಲ್ಲಿ ಎತ್ತಿದರೆ ಖಲಾಸ್, ನೀನು ಬೇರೆ ಕಫೀಲನನ್ನು ಹುಡುಕಿಕೋ.”

ಪೊರ್ಬುಗಳಿಗೆ ಊರಿನಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು.

ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಹಮೂದರ ಮಜ್ಲಿಸಿನಲ್ಲಿ, ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ಜಮಖಾನದ ಮೇಲೆ ಕೂತಿದ್ದೆವು. ಖರ್ಜೂರ ಬಂತು. ಹಮೂದ್ ಗೋಡೆಯ ಗೂಟದಿಂದ ಕೋವಿ ಇಳಿಸಿ, “ಖಾಲಿಯಿದೆ,” ಎಂದು ನಗುತ್ತ ಪೊರ್ಬುಗಳ ಕೈಗಿತ್ತರು. ಅದು ಮುಚ್ಚಿತ್ತು. ಅದರ ಬಾಯಿ ಎದುರಿಗೆ ಕೂತ ಸಲೀಮರ ಎದೆಗೆ ನೇರವಾಗಿತ್ತು. ಸಲೀಮರು ಪೊರ್ಬುಗಳನ್ನೇ ದುರುಗುಟ್ಟಿ ನೋಡುತ್ತಿದ್ದರು.

ಪೊರ್ಬುಗಳು ತೆಗೆದುಕೊಂಡರು. ತೆಗೆದುಕೊಳ್ಳುತ್ತಲೇ ಬಾಯಿಯನ್ನು ಸೂರಿನತ್ತ ಎತ್ತಿದರು. “ಎಂಥ ಕೆತ್ತನೆ! ಬೆಳಕಿನಲ್ಲಿ ನೋಡಬಹುದೇ?” ಎಂದು ಹರುಕು ಅರಬ್ಬಿಯಲ್ಲಿ ಕೇಳಿ ಎದ್ದರು. ಹಮೂದರ ಮುಖ ಅರಳಿತು. ಪೊರ್ಬುಗಳು ಕಣ್ಸನ್ನೆ ಮಾಡಿದ್ದರಿಂದ ನಾನೂ ಅವರ ಹಿಂದೆ ಅಂಗಳಕ್ಕೆ ಹೋದೆ. ಅವರು ಒಳಗಿನವರಿಗೆ ಬೆನ್ನು ಮಾಡಿ ಕೋವಿಯನ್ನು ಮೆಲ್ಲನೆ ತೆರೆದರು. ಎಡ ನಳಿಗೆಯಲ್ಲಿ ಆಕಾಶವಿತ್ತು. ಬಲದ್ದರಲ್ಲಿ ಹಿತ್ತಾಳೆಯ ದುಂಡು ತಳವೊಂದು ಹೊಳೆಯುತ್ತಿತ್ತು. ತುಂಬಿದ ತೋಟೆ.

ಅವರು ಅದನ್ನು ಎಳೆದು ಜೇಬಿಗೆ ಹಾಕಿದರು. “ಭಟ್ರೇ, ನಗಾಡಿ,” ಎಂದು ಪಿಸುಗುಟ್ಟಿದರು. “ನಿಮ್ಮ ಮುಖ ನೋಡಿದ್ರೆ ಅವರಿಗೆ ಗೊತ್ತಾಗ್ತದೆ.” ನಾನು ನಕ್ಕೆನೋ ಇಲ್ಲವೋ ಹೇಳಲಾರೆ. ಅವರು ನಳಿಗೆ ಬಿಚ್ಚಿ ಮೀಟಿದರು. ನಾದ ಅಂಗಳದಾಚೆಯ ತೋಟದವರೆಗೂ ಹೋಯಿತು. ಬೆಳಕಿಗೆ ಹಿಡಿದು ಒಳಗೆ ತಗ್ಗು, ತುಕ್ಕು ಹುಡುಕಿದರು. ಅಲುಗಾಡಿಸಿ ಕೀಲು ನೋಡಿದರು. ಆಮೇಲೆ ಸಲೀಮರನ್ನು ಹೊರಗೆ ಕರೆದು, ಕಣ್ಣು ಮುಚ್ಚಿಸಿ, ಹೆಗಲಿಗೇರಿಸಲು ಹೇಳಿದರು.

ಸಲೀಮರು ಕಣ್ಣು ತೆರೆದು ಕೂಗಿದರು: “ವಲ್ಲಾ! ನನ್ನದೇ!”

ಮತ್ತೆ ಒಳಗೆ ಕೂತಾಗ ಅರಬ್ಬರ ಕಾಫಿ, ಕಾಹ್ವಾ, ಬಂತು. ಮೊದಲ ಕಪ್ ಮುಗಿಯುವಷ್ಟರಲ್ಲಿ ಪೊರ್ಬುಗಳ ಕೈ ನಡುಗಲು ತೊಡಗಿತ್ತು. ಅಲ್ಲಿ ಖಾಲಿ ಕಪ್ಪನ್ನು ಅಲುಗಾಡಿಸಿದರೆ ಸಾಕೆಂದು ಅರ್ಥ. ಬಡಿಸುವವನು ಹೂಜಿ ಎತ್ತಿಕೊಂಡು ಮುಂದೆ ಹೋದ. ಹೊರಡುವಾಗ ಪೊರ್ಬುಗಳು ಹಮೂದರ ಕೈಯನ್ನು ಎರಡೂ ಕೈಯಿಂದ ಹಿಡಿದರು. ಕೈ ಬಿಟ್ಟಾಗ ತೋಟೆ ಹಮೂದರ ಅಂಗೈಯಲ್ಲಿತ್ತು. ಮುದುಕರು ಅದನ್ನು ನೋಡಿದರು. ಮುಷ್ಟಿ ಮುಚ್ಚಿದರು. ಏನೋ ಹೇಳಲು ತುಟಿ ತೆರೆದರು. ಪೊರ್ಬುಗಳು ತಲೆಯಾಡಿಸಿ ಬೇಡವೆಂದರು. ಸಲೀಮರು ಆಗಲೇ ಕೋವಿಯನ್ನು ಕಾರಿನಲ್ಲಿ ಮಲಗಿಸುತ್ತಿದ್ದರು.

“ನೋಡಿದೆಯಾ, ನಿನ್ನ ಆಕಾಶ ಇಲ್ಲದೆಯೇ ಕೆಲಸ ಆಯಿತು,” ಎಂದರು ದಾರಿಯಲ್ಲಿ.

“ಹೌದು ಸಾಬ್,” ಎಂದ ಪೊರ್ಬುಗಳು ನನ್ನತ್ತ ಬಾಗಿ ಕನ್ನಡದಲ್ಲಿ, “ಎರಡನೇ ಕಪ್ ಕಾಹ್ವಾ ತಪ್ಪಿತಲ್ಲ ಮಾರಾಯ್ರೇ!” ಎಂದು ನಿಜವಾಗಿಯೂ ಮರುಗಿದರು.

ಮುಂದಿನ ಈದ್‌ಗೆ ಸಹಮ್‌ಗೆ ಹೋದಾಗ ಹಮೂದರ ಗೋಡೆಯಲ್ಲಿದ್ದ ಕೋವಿಗಳೆಲ್ಲ ನಡು ಮಡಚಿ ತೆರೆದೇ ತೂಗುತ್ತಿದ್ದವು. ಫೆಲಿಕ್ಸನ ರೋಗ ಇಲ್ಲಿಗೂ ಹಬ್ಬಿತೆಂದು ಸಲೀಮರು ನಕ್ಕರು. ಹಮೂದ್ ನಗಲಿಲ್ಲ. ಹೂಜಿಯನ್ನು ತಾವೇ ಎತ್ತಿ ಪೊರ್ಬುಗಳ ಕಪ್ ತುಂಬಿದರು, ಮತ್ತೆ ಮತ್ತೆ. ಆ ಸಂಜೆ ಇಬ್ಬರೇ ಕೂತಿದ್ದಾಗ ಹಮೂದ್ ಸಲೀಮರಿಗೆ ಎಲ್ಲವನ್ನೂ ಹೇಳಿದರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ತೊಂಬತ್ತರ ದಶಕದ ನಡುವೆ ಪೊರ್ಬುಗಳ ಕಣ್ಣಿಗೆ ಪೊರೆ ಬಂತು. ಊರಿಗೆ ಮರಳಲು ನಿಶ್ಚಯಿಸಿದರು. ಹೊರಡುವ ಮುನ್ನಾದಿನ ಸಲೀಮರು ನಮ್ಮಿಬ್ಬರನ್ನೂ ಗುರಿಯ ಮೈದಾನಕ್ಕೆ ಕರೆದೊಯ್ದರು. “ಒಂದು ಬಿಲ್ಲೆ ಹೊಡೆದು ಹೋಗು.”

“ಬಿಲ್ಲೆ ಕಾಣುವುದಿಲ್ಲ ಸಾಬ್. ಯಂತ್ರವನ್ನೇ ಹೊಡೆದೇನು.”

ಸಲೀಮರು ನಗುತ್ತ ಆ ಸಹಮ್‌ನ ಕೋವಿಯನ್ನು ಚೀಲದಿಂದ ತೆಗೆದರು. ಕೊಡುವ ಮೊದಲು ತಾವೇ ಮಡಚಿ ತೆರೆದರು. ಪೊರ್ಬುಗಳ ಮಂಜು ಕಣ್ಣಿನ ಹತ್ತಿರಕ್ಕೆ, ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರು. ಹಿಡಿದ ಕೈ ಇಳಿಸಲಿಲ್ಲ. ಪೊರ್ಬುಗಳು ಒಂದು ನಳಿಗೆಯಲ್ಲಿ ನೋಡಿದರು. ಆಮೇಲೆ ಇನ್ನೊಂದರಲ್ಲಿ, ಬಲದ್ದರಲ್ಲಿ, ತುಸು ಹೆಚ್ಚು ಹೊತ್ತು ನೋಡಿದರು.

“ಉಂಟು,” ಎಂದರು. “ಎರಡರಲ್ಲೂ ಉಂಟು.”