ಕಿಟಕಿಯಾಚೆ ಉಳಿದ ಪುಸ್ತಕಗಳು

ಹೋದ ವಾರ, ನಾವೀಗ ಇರುವ ಅವಲಪಲ್ಲಿಯಲ್ಲಿ, ನಮ್ಮ ಪಕ್ಕದ ಮನೆಯವರು ಹಳೆಯ ಗೋಡೆಯೊಂದನ್ನು ಕೆಡವಿಸಿದರು. ರಾತ್ರಿ ಮಳೆ ಬಿದ್ದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ನೆನೆದ ಗಾರೆಯ ವಾಸನೆ. ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಲೈಬ್ರರಿ ಸಾರ್ ನೆನಪಾದರು...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆನೇಕಲ್ ಕಡೆಯಿಂದ ಗಡಿ ದಾಟಿ, ತಮಿಳುನಾಡಿಗೆ ಸೇರಿದ ಬಾಗಲೂರಿನ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಅಲ್ಲಿ ಪಾಳೇಗಾರರ ಕಾಲದ ಕಚೇರಿಯೊಂದಿತ್ತು. ಆಳೆತ್ತರದ ಕಿಟಕಿಗಳು, ಕಬ್ಬಿಣದ ಸರಳು, ಮರದ ತೊಲೆಗಳ ಮೇಲೆ ಗಾರೆಯ ಮಾಳಿಗೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಕಂದಾಯ ಕಟ್ಟಿಸಿಕೊಳ್ಳುತ್ತಿದ್ದರಂತೆ. ಆಮೇಲೆ ರಾಗಿ ತುಂಬಿಡುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅದು ಲೈಬ್ರರಿಯಾಗಿತ್ತು. ನೀರಿಗೆ, ಹೊಲಕ್ಕೆ ಬಿಟ್ಟರೆ, ಅತ್ತೆ ಗೊಣಗಿದರೂ, ನಾನು ಒಬ್ಬಳೇ ಹೋಗಬಹುದಾಗಿದ್ದ ಜಾಗ ಅದೊಂದೇ.

ಅದನ್ನು ನೋಡಿಕೊಳ್ಳುತ್ತಿದ್ದ ಸಾರ್ ತಮಿಳಿನವರು. ಬಂದ ಹೊಸದರಲ್ಲಿ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಓದಲು ಬಂದವರನ್ನೇ ಕೇಳಿ ಕೇಳಿ ಪುಸ್ತಕಗಳ ಹೆಸರಿನಿಂದಲೇ ಅಕ್ಷರ ಕಲಿತರು. ಹೊಸ ಕನ್ನಡ ಪುಸ್ತಕ ಬರುವುದು ಅಪರೂಪವಾಗಿತ್ತು. ಇದ್ದವನ್ನೇ ಹೊಲಿದು, ಅಂಟು ಹಚ್ಚಿ, ಮತ್ತೆ ಮತ್ತೆ ಕೊಡುತ್ತಿದ್ದರು.

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಮಾಳಿಗೆಯ ಒಂದು ಮೂಲೆ ಕುಸಿಯಿತು. ರಜಾ ದಿನವಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಮಾರನೆಯ ದಿನ ಯಾರೋ ಜೀಪಿನಲ್ಲಿ ಬಂದು ನೋಡಿ, ಅಪಾಯದ ಕಟ್ಟಡ ಎಂದು ಚೀಟಿ ಅಂಟಿಸಿ, ಬೀಗ ಹಾಕಿ ಸೀಲು ಒತ್ತಿ ಹೋದರು. ಪುಸ್ತಕಗಳು ಒಳಗೇ ಉಳಿದವು. ಸಾರ್ ಕಚೇರಿಗಳಿಗೆ ಅಲೆದರು. ಕಟ್ಟಡದವರು ಪುಸ್ತಕ ನಮ್ಮದಲ್ಲ ಎಂದರಂತೆ, ಪುಸ್ತಕದವರು ಕಟ್ಟಡ ನಮ್ಮದಲ್ಲ ಎಂದರಂತೆ.

ನಮ್ಮ ಯಜಮಾನರಿಗೆ ಇದನ್ನು ನೋಡಲಾಗಲಿಲ್ಲ. ಒಂದು ದಿನ ಹಾರೆ ಹಿಡಿದುಕೊಂಡೇ ಹೋದರು. ಹಿಂದೆ ನಾನೂ ಹೋದೆ.

"ಸಾರ್, ನೀವು ಊಟಕ್ಕೋಗ್ಬುಟ್ ಬನ್ನಿ. ವಾಪಸ್ ಬರೋ ಹೊತ್ಗೆ ಪುಸ್ತಕ ಎಲ್ಲಾ ನಮ್ಮನೇಲಿರ್ತವೆ," ಎಂದರು.

ಸಾರ್ ಕಿಟಕಿಯಿಂದ ಕತ್ತೆತ್ತಿ ಮಾಳಿಗೆ ನೋಡಿದರು. "ಬೇಡಪ್ಪ," ಎಂದರು. "ಮೇಲೆ ತೊಲೆ ಬಾಯಿಬಿಟ್ಟಿದೆ. ಪುಸ್ತಕಕ್ಕೋಸ್ಕರ ನಿಂಗೇನಾದ್ರೂ ಆದ್ರೆ ಈ ಅಮ್ಮನಿಗೆ ನಾನೇನು ಹೇಳ್ಲಿ?"

ಯಜಮಾನರು ಹಾರೆ ಕೆಳಗಿಟ್ಟರು. ಸಾರ್ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದೇ ಸಂಕಟ.

ಆಮೇಲೂ ಮಳೆ ನಿಲ್ಲಲಿಲ್ಲ. ಸಾರ್ ಮಾತ್ರ ಎಂದಿನಂತೆ ಬಸ್ಸಿಳಿದು ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಕನ್ನಡದ ಕಪಾಟು ಎದುರಿಗೇ ಇತ್ತು. ಸರಳಿನೊಳಗೆ ಕೈ ತೂರಿಸಿದರೂ ಎಟುಕದಷ್ಟು ದೂರ, ಹೆಸರು ಓದುವಷ್ಟು ಹತ್ತಿರ. ದಿನೇ ದಿನೇ ಪುಸ್ತಕಗಳು ಊದಿಕೊಂಡು, ಒಂದಕ್ಕೊಂದು ಅಂಟಿಕೊಂಡು, ಹಸಿರು ಬೂಷ್ಟು ಹಿಡಿದವು.

"ಹೋದ ವಾರ ಮೇಲಿನ ಸಾಲು ಓದಕ್ಕಾಗ್ತಿತ್ತಮ್ಮ," ಎಂದರು ಒಂದು ದಿನ. "ಈಗ ಅಕ್ಷರಾನೇ ಕಾಣಲ್ಲ."

ನಾನೂ ಸರಳು ಹಿಡಿದು ಒಳಗೆ ಇಣುಕಿದೆ. ನನಗೂ ಕಾಣಲಿಲ್ಲ...

ಚಳಿಗಾಲ ಹಿಡಿದ ಮೇಲೆ ಬಾಗಿಲು ತೆಗೆಯಲು ಅಪ್ಪಣೆ ಬಂತು. ಆಳುಗಳು ಪುಸ್ತಕಗಳನ್ನು ಮಂಕರಿಯಲ್ಲಿ ತುಂಬಿ, ಗೋಡೆಯ ಮಣ್ಣಿನ ಜೊತೆಗೇ ಗಾಡಿಗೆ ಹಾಕಿದರು. ಬಿಡಿಸಲು ಬರುವಂಥದ್ದು ಒಂದೂ ಉಳಿದಿರಲಿಲ್ಲ. ಸಾರ್‌ಗೆ ವರ್ಗವಾಗಿತ್ತು. ಹೋಗುವ ಮುಂಚೆ ನಮ್ಮ ಮನೆಗೆ ಬಂದರು. ನಾನು ಲೈಬ್ರರಿಗೆ ಹೋಗುವುದನ್ನು ಕಂಡರಾಗದಿದ್ದ ನಮ್ಮತ್ತೆಯೇ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಸಾರ್ ಕುಡಿದು ಲೋಟ ಕೆಳಗಿಟ್ಟು, "ಕನ್ನಡ ಓದೋದು ಇನ್ನೂ ಪೂರ್ತಿ ಬರ್ಲಿಲ್ಲಮ್ಮ," ಎಂದರು. ಅಷ್ಟೇ.

ಆ ಜಾಗದಲ್ಲಿ ಈಗ ಅಂಗಡಿ ಸಾಲಿದೆ. ಸಾರ್ ಇದ್ದಾರೋ ಇಲ್ಲವೋ, ಕೇಳೋಣವೆಂದರೆ ಅವರು ಯಾವ ಊರಿನವರೆಂದೂ ನನಗೆ ಗೊತ್ತಿಲ್ಲ. ಮುಖ ಚೆನ್ನಾಗಿ ನೆನಪಿದೆ. ಹೆಸರು ಮಾತ್ರ... ನಾವೆಲ್ಲ ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆವು.