ಮೂರನೆಯ ತೂತು

ಎಪ್ಪತ್ತರ ದಶಕದಲ್ಲಿ ನಾನು ಮಳವಳ್ಳಿಯ ಕುರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಪ್ರತಿ ಟಗರಿಗೂ ಒಂದು ರಟ್ಟಿನ ಕಾರ್ಡು, ಅದರ ಅಂಚಿನುದ್ದಕ್ಕೂ ತೂತುಗಳು. ಮೂರನೆಯ ತೂತಿನ ಅರ್ಥ 'ತಳಿಗೆ ಬೇಡ'. ಬೇಡವಾದ ಟಗರಿನ ಕಾರ್ಡಿನಲ್ಲಿ ಆ ತೂತನ್ನು ಅಂಚಿನವರೆಗೂ ಕತ್ತರಿಸಿಬಿಡುತ್ತಿದ್ದೆವು. ಆಮೇಲೆ ಇಡೀ ಕಟ್ಟಿನ ಮೂರನೆಯ ತೂತುಗಳಿಗೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಎತ್ತಿ ಕೊಡವಿದರೆ ಕತ್ತರಿಸಿದವು ಮಾತ್ರ ಉದುರಬೇಕು. ಉದುರಿದ ಟಗರುಗಳಿಗೆ ಬೀಜ ಒಡೆಯಲು ಪಟ್ಟಿ ಹೋಗುತ್ತಿತ್ತು. ಬಂದವರಿಗೆಲ್ಲ ಇದನ್ನು ತೋರಿಸಿ ಬೀಗುತ್ತಿದ್ದವನು ನಾನೇ.

ಒಂದು ಬೆಳಿಗ್ಗೆ ಉದುರಿದ ಕಾರ್ಡುಗಳ ನಂಬರು ಮಾತ್ರ ನೋಡಿ ಪಟ್ಟಿ ಬರೆದುಕೊಟ್ಟೆ. ಬೀಜ ಒಡೆಯುವ ಸ್ಟಾಕ್‌ಮನ್ ಅದನ್ನು ಹಿಡಿದು ಬಂಡೂರಿಗೆ ಹೊರಟ. ಕಾರ್ಡುಗಳನ್ನು ಮತ್ತೆ ಕಟ್ಟುವಾಗ ಒಂದು ಕಣ್ಣಿಗೆ ಬಿತ್ತು. ಬಂಡೂರಿನ ಮುದುಕನೊಬ್ಬನ ಹಟ್ಟಿಯಲ್ಲಿ ಕಚೇರಿಯವರು ತಳಿಗೆಂದು ಬಿಟ್ಟಿದ್ದ, ತಾಲ್ಲೂಕಿಗೇ ಒಳ್ಳೆಯ ಟಗರಿನದು! ಕಡ್ಡಿ ಸೊಟ್ಟಗಿದೆಯೇ ನೋಡಿದೆ, ಕಟ್ಟನ್ನು ಕುಟ್ಟಿ ಸಮ ಮಾಡಿದೆ, ಹಿಂದುಮುಂದು ತಿರುಗಿಸಿ ಮತ್ತೆ ಕೊಡವಿದೆ. ಏನು ಮಾಡಿದರೂ ಅದು ಉದುರಿತು. ಕೊನೆಗೆ ಬೆಳಕಿಗೆ ಹಿಡಿದರೆ, ಯಾರೂ ಕತ್ತರಿಸಿರಲಿಲ್ಲ. ತೂತೇ ಸವೆದು ಅಂಚಿನವರೆಗೂ ಹರಿದಿತ್ತು. ಒಳ್ಳೆಯ ಟಗರೆಂದು ಮೇಲಿನ ಸಾಹೇಬರು ಬಂದಾಗಲೆಲ್ಲ ಆ ತೂತಿನ ಅಂಚು ಹಿಡಿದೇ ಅದನ್ನು ಎಳೆದು ತೋರಿಸುತ್ತಿದ್ದೆವು. ಬೋಂಡಾ ತಿಂದ ಕೈ, ನಶ್ಯದ ಬೆರಳು, ಎಂಜಲು. ರಟ್ಟು ಮಸಿಬಟ್ಟೆಯಂತೆ ಮೆತ್ತಗಾಗಿ ನಾರುತ್ತಿತ್ತು. ಆ ಬೆರಳುಗಳಲ್ಲಿ ನನ್ನವೂ ಇದ್ದವು.

ಸೈಕಲ್ ಹತ್ತಿ ಬಂಡೂರಿಗೆ ತುಳಿದೆ. ಕೆಲಸ ಮುಗಿದಿತ್ತು. ಟಗರು ಹಿಂಗಾಲು ಅಗಲಿಸಿಕೊಂಡು ನಿಂತಿತ್ತು, ಸ್ಟಾಕ್‌ಮನ್ ಕೈ ತೊಳೆಯುತ್ತಿದ್ದ.

"ಎಂಥಾ ಟಗರು ಅಂತ ಕಣ್ಣಿಗೆ ಕಾಣ್ಲಿಲ್ವೇನ್ರೀ?" ಎಂದೆ.

"ಪಟ್ಟಿ ನಿಮ್ದೇ ಅಲ್ವಾ ಸಾರ್?" ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ನಾನೇನು ಕಡಿಮೆ?

ಮುದುಕ ಟಗರಿನ ಕತ್ತು ಸವರುತ್ತಲೇ ಹೇಳಿದ: "ಬ್ಯಾಡ ಬುಡಪ್ಪಾ ಅಂತ ಬಡ್ಕೊಂಡೆ. ಕಾರ್ಡಲ್ಲೇ ಐತೆ ಅಂದ. ನಿಮ್ ಕಾರ್ಡು ಒಂದಿನಾನಾರಾ ನಮ್ ಅಟ್ಟಿಗ್ ಬಂದು ಇವನ್ನ ನೋಡಿತ್ತಾ ಸೋಮಿ?"

ನಾನು ಸೈಕಲ್ ತಿರುಗಿಸಿದೆ.

ಕಚೇರಿಗೆ ಬಂದು ನಮ್ಮ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕಾರ್ಡನ್ನು ತಿರುಗಿಸಿ ನೋಡಿ, "ಆಗಿದ್ದು ಆಗೋಯ್ತು. ಹರಿದಿದ್ದು ಚೆನ್ನಾಗಿ ಕಾಣಲ್ಲ, ಹೊಸದೊಂದು ಬರೆದು ಮೂರನೇ ತೂತು ನೀಟಾಗಿ ಕತ್ತರಿಸಿಡಿ" ಎಂದರು.

ಥೂ, ಇದೂ ಒಂದು ಜನ್ಮವೇ ಅನ್ನಿಸಿತು. ಆದರೂ ಕತ್ತರಿ ತೆಗೆದುಕೊಂಡೆ. ಸಾಹೇಬರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಟಗರು ಇನ್ನು ತಳಿಗೆ ಬಾರದು. ಹೊಸ ಕಾರ್ಡನ್ನು ಕಟ್ಟಿಗೆ ಸೇರಿಸಿ, ಕಡ್ಡಿ ತೂರಿಸಿ ಕೊಡವಿ ನೋಡಿದೆ. ಸರಿಯಾಗಿ ಉದುರಿತು.