ಮಾದೇವಿಗೆ ಎಂಟು ಪೌಂಡು

ಇಪ್ಪತ್ತೇಳು ರೂಪಾಯಿ ಹತ್ತಾಣೆ ಖರ್ಚಾಯಿತು. ಒಂದು ತಿಂಗಳಲ್ಲಿ ನನ್ನ ಹೆಂಡತಿಯ ಮೈಗೆ ಎಂಟು ಪೌಂಡು ಹತ್ತಿಸಬೇಕಿತ್ತು, ಅದಕ್ಕೆ. ಐವತ್ತರ ದಶಕದ ನಡುವಿನ ಮಾತು. ಆ ದುಡ್ಡಿಗೆ ಆಗ ಹುಣಸೂರಿನಲ್ಲಿ ಒಂದು ಸಣ್ಣ ಸಂಸಾರದ ತಿಂಗಳು ಕಳೆಯುತ್ತಿತ್ತು. ನಾನು ಹೊಗೆಸೊಪ್ಪಿನ ದಲ್ಲಾಳಿ. ಅಂಗಡಿಯವನು ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟುಬಿಟ್ಟರೆ ಆ ದಿನ ಊಟ ಸೇರದ ಮನುಷ್ಯ. ಆ ತಿಂಗಳು ಮಾತ್ರ ಚೌಕಾಸಿಗೆ ನಾಲಿಗೆ ಏಳಲಿಲ್ಲ. ಹೆದರಿದ್ದೆ.

ಇದೆಲ್ಲ ಈಗೇಕೆ ಅಂದರೆ, ಬೆಳಿಗ್ಗೆ ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದಾಗ ಯಾರದೋ ಹುರಿದ ಹುರುಳಿ ಕಲ್ಲಿಗೆ ಬಿತ್ತು. ಅದರ ವಾಸನೆ ನಿಮಗೆ ಗೊತ್ತಲ್ಲ, ಬಿಸಿಲಿಗೆ ಕಾದ ಮಣ್ಣಿಗೆ ತುಸು ತುಪ್ಪ ಬಿದ್ದ ಹಾಗೆ. ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಮೂವತ್ತು ವರ್ಷದ ಮೇಲೂ ಅಂಗಾಲು ತಣ್ಣಗಾಗುತ್ತದೆ. ಗಿರಣಿಯವನು, “ಯಾಕ್ರಜ್ಜ, ತಲೆ ಸುತ್ತುತ್ತಾ?” ಅಂದ. “ಇಲ್ಲ ಕಣಪ್ಪ, ಹುರುಳಿ,” ಅಂದೆ. ಅವನಿಗೆ ಏನು ತಿಳಿದೀತು!

ಮಾದೇವಿ ನನ್ನ ಮನೆಗೆ ಬಂದಾಗ ಗುಂಡುಗುಂಡಾಗಿಯೇ ಇದ್ದಳು. ಮದುವೆಯಾದ ಮೂರನೆಯ ವರ್ಷ ವಿಷಮಶೀತ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಅದರ ಜೊತೆ ಮೈಯೂ ಇಳಿಯುತ್ತ ಹೋಯಿತು. ಆಮೇಲೆ ಕೆಮ್ಮು. ಜೋರು ಕೆಮ್ಮಲ್ಲ. ಸಣ್ಣದು, ಯಾರನ್ನೋ ಕರೆಯಲೋ ಬೇಡವೋ ಅನ್ನುವ ಥರದ್ದು. ನಾನು ಪಡಸಾಲೆಯಲ್ಲಿ ಕುಳಿತು ಬೆಳೆಗಾರರ ಹತ್ತಿರ ಮಾತಾಡುತ್ತಿದ್ದರೂ ಒಂದು ಕಿವಿ ಅಡುಗೆಮನೆಯ ಕಡೆಗೇ ಇರುತ್ತಿತ್ತು. ಕ್ಷಯ ಅನ್ನುವ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳ ದೊಡ್ಡಕ್ಕನನ್ನು ಪಿರಿಯಾಪಟ್ಟಣದಿಂದ ಅದೇ ಕಾಯಿಲೆಗೆ ಊರಾಚೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ತಿರುಗಿ ಬಂದದ್ದು ಅವಳ ಟ್ರಂಕು ಮಾತ್ರ. ಅದನ್ನೂ ಒಳಗೆ ಸೇರಿಸದೆ ಕೆರೆ ಏರಿಯ ಹತ್ತಿರ ಸುಟ್ಟರು.

ಮೈಸೂರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತು ಬಾಯಿಗೆ ಸೆರಗು ಒತ್ತಿಕೊಂಡೇ ಇದ್ದಳು, ಮುಂದಿನ ಸೀಟಿನವರು ತಿರುಗಿ ನೋಡಬಾರದೆಂದು. ಡಾಕ್ಟರು ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ಸುಮ್ಮನಿದ್ದರು. ವ್ಯಾಪಾರದಲ್ಲಿ ಎದುರಿನವನು ಸುಮ್ಮನಾದರೆ ನನಗೆ ಧೈರ್ಯ ಬರುತ್ತದೆ, ಬೆಲೆ ಇಳಿಸುತ್ತಾನೆ ಅಂತ. ಅವತ್ತು ಬರಲಿಲ್ಲ.

“ಖಚಿತವಾಗಿ ಹೇಳಲಾರೆ,” ಅಂದರು. “ಈಗ ಎಂಬತ್ನಾಲ್ಕು ಪೌಂಡಿದ್ದಾರೆ. ಒಂದು ತಿಂಗಳು ಚೆನ್ನಾಗಿ ತಿನ್ನಿಸಿ. ಪ್ರತಿ ವಾರ ತೂಕ ನೋಡಿ. ಎಂಟು ಪೌಂಡು ಏರಿದರೆ ಜ್ವರದ ನಿಶ್ಶಕ್ತಿ ಅಂದುಕೊಳ್ಳೋಣ. ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ. ಮೊಟ್ಟೆ, ಮಾಂಸದ ಸಾರು...”

“ನಾವು ಲಿಂಗ ಕಟ್ಟಿದವರು, ಸ್ವಾಮಿ.”

“ಹಾಗಾದರೆ ಕಾಳು, ಹಾಲು. ಅದೂ ಅದೇ ಕೆಲಸ ಮಾಡುತ್ತೆ, ಸ್ವಲ್ಪ ಜಾಸ್ತಿ ತಿನ್ನಬೇಕು ಅಷ್ಟೆ.”

ಅಷ್ಟೆ ತಾನೆ! ಸಾಮಾನು ಹೊಂದಿಸುವುದು ನನ್ನ ಕಸುಬು. ಯಾವ ಊರಿನ ಮಣ್ಣಿನಲ್ಲಿ ಯಾವ ಕಾಳಿಗೆ ಕಸುವು ಅನ್ನುವುದು ಅಂಗೈಯಲ್ಲಿತ್ತು. ಹುರುಳಿ ತರಿಸಿದ್ದು ಹೆಗ್ಗಡದೇವನಕೋಟೆಯ ಕೆಂಪು ಹೊಲದಿಂದ. ಕಡಲೆ, ಹೆಸರು, ಎಳ್ಳು ಕೃಷ್ಣರಾಜನಗರದ ಸಂತೆಯಿಂದ. ಹುಚ್ಚೆಳ್ಳು ಪಿರಿಯಾಪಟ್ಟಣದ್ದು. ಬೆಣ್ಣೆ ಅಂತರಸಂತೆಯ ದನದವರದು, ಜೇನು ಕಾಕನಕೋಟೆ ಕಾಡಿನದು. ಬೆಳಿಗ್ಗೆ ಮೊಳಕೆ ಬಂದ ಹೆಸರು, ರಾಗಿ ಹುರಿಹಿಟ್ಟಿಗೆ ಹಾಲು ಬೆಲ್ಲ. ಮಧ್ಯಾಹ್ನ ಮುದ್ದೆಯ ಜೊತೆ ಹುರುಳಿ ಬಸ್ಸಾರು, ಹುಚ್ಚೆಳ್ಳಿನ ಚಟ್ನಿ, ಗಟ್ಟಿ ಮೊಸರು. ಸಂಜೆಗೆ ಕಡಲೆಕಾಯಿ ಎಳ್ಳಿನ ಉಂಡೆ. ಮಲಗುವ ಮುಂಚೆ ಒಂದು ಲೋಟ ಹಾಲು. ಇದನ್ನೆಲ್ಲ ಹಾಳೆಯ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅಪ್ಪ, ಅವ್ವ, ಅಣ್ಣ, ಅತ್ತಿಗೆ ಎಲ್ಲ ಇದ್ದ ಮನೆಯಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ ಅನ್ನುವುದು ಅಂಟಿಸಿದ ಮೇಲೆ ಹೊಳೆಯಿತು.

ತೂಗುವುದೆಲ್ಲಿ? ನಮ್ಮ ಮಂಡಿಯಲ್ಲಿ ಹೊಗೆಸೊಪ್ಪು ತೂಗುವ ದೊಡ್ಡ ತಕ್ಕಡಿಯಿತ್ತು, ತೊಲೆಗೆ ಸರಪಳಿ ಕಟ್ಟಿ ಇಳಿಬಿಟ್ಟದ್ದು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಮಂಡಿಗೆ ಗಾಡಿಯೂ ಬರುವುದಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಅವ್ವನ ಜೊತೆ ಮಾದೇವಿಯನ್ನು ಕರೆದುಕೊಂಡು ಹೋದೆ. ತೂಗುವವನು ಬೋರಯ್ಯ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಬಾಯಿಯೂ ನನಗಿಂತ ಚಿಕ್ಕದಲ್ಲ.

“ಕೂತ್ಕಳಿ ತಾಯಿ, ಎದ್ರುಕೋಬ್ಯಾಡಿ. ಇದ್ರಾಗೆ ಎಂತೆಂಥಾ ಕಳ್ಳ ಸೊಪ್ಪೆಲ್ಲ ಕೂತು ಓಗದೆ.” ಕಲ್ಲು ಇಟ್ಟು ನೋಡಿ, “ಎಂಬತ್ನಾಕು. ಸಾವ್ಕಾರ್ರೇ, ಒಂದ್ವಾರ ನಾಟಿ ಕೋಳಿ ಸಾರು ಕುಡ್ಸಿ, ನಾನೊಬ್ನೇ ಕಲ್ಲು ಎತ್ತಾಕ್ಕಾಗಕ್ಕಿಲ್ಲ, ಅಂಗೆ ಆಯ್ತಾರೆ. ಸಿವನ್ಗೆ ನಾನ್ ಏಳ್ಕತೀನಿ ಬುಡಿ,” ಅಂದ.

ಅವ್ವ, “ಮುಚ್ಲಾ ಬಾಯ!” ಅಂದರು. ಮಾದೇವಿ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ನಾವೆಲ್ಲ ಬೇರೆ ಬೇರೆ ಕಡೆ ನೋಡಿದೆವು.

ಎರಡನೆಯ ಸೋಮವಾರ ಎಂಬತ್ತಾರು. ನಾನು ಬೋರಯ್ಯನಿಗೆ ಎಲೆ ಅಡಿಕೆಗೆಂದು ಎರಡಾಣೆ ಕೊಟ್ಟೆ. ಅವನು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದ, ನನ್ನ ಕೈಯಿಂದ ಬಂದದ್ದು ಖೋಟಾ ಇರಬಹುದೆಂದು. ಅವತ್ತು ಬೆಳಿಗ್ಗೆ ಅವ್ವನ ಕುಟ್ಟಾಣಿ ಕಾಣೆಯಾಗಿತ್ತು. ಅವರಿಗೆ ಹಲ್ಲಿರಲಿಲ್ಲ, ಎಲೆ ಅಡಿಕೆಯನ್ನು ಕಬ್ಬಿಣದ ಆ ಸಣ್ಣ ಒರಳಿನಲ್ಲಿ ಕುಟ್ಟಿಯೇ ಹಾಕಿಕೊಳ್ಳಬೇಕು. ಮನೆಯನ್ನೆಲ್ಲ ಒಂದು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಇದ್ದ ಜಾಗದಲ್ಲೇ ಇತ್ತು. “ವಯಸ್ಸಾಯ್ತು ಕಣಪ್ಪ, ಕಣ್ಣೆದ್ರಿಗಿದ್ರೂ ಕಾಣಾಕಿಲ್ಲ,” ಅಂದರು.

ಈ ನಡುವೆ ಸೊಪ್ಪಿನ ಕಾಲ ಶುರುವಾಗಿತ್ತು. ನನ್ನ ವ್ಯಾಪಾರದ ಗುಟ್ಟೊಂದನ್ನು ಹೇಳುತ್ತೇನೆ. ಬೇರೆ ದಲ್ಲಾಳಿಗಳು ಬೆಳೆಗಾರನನ್ನು ಕಂಡ ಕೂಡಲೇ ಬೆಲೆ ಹೇಳುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಮನೆಗೆ ಕರೆದು ಊಟಕ್ಕೆ ಎಲೆ ಹಾಕಿಸುತ್ತಿದ್ದೆ. ಹೊಟ್ಟೆ ತುಂಬ ಉಂಡು ಬೆರಳು ನೆಕ್ಕಿಕೊಂಡವನು ನನ್ನ ಮುಖ ನೋಡಿ ಎರಡು ರೂಪಾಯಿ ಜಾಸ್ತಿ ಕೇಳಲಾರ. ಗಾವಡಗೆರೆ, ಗುರುಪುರದ ಕಡೆಯವರು ದಿನಕ್ಕೆ ಐದಾರು ಜನ ಬರುತ್ತಿದ್ದರು. ಪಂಕ್ತಿಯಲ್ಲಿ ನಾನೂ ಕುಳಿತು, “ಮಾದೇವೀ, ಇವರಿಗೆ ತಳದ ಗಟ್ಟಿ ಬಡಿಸು. ಮೊಸರು ತಾ. ಉಂಡೆ ಇತ್ತಲ್ಲ, ಉಂಡೆ!” ಅಂತ ಕೂಗುತ್ತಿದ್ದೆ. ನಮ್ಮ ಮನೆಯ ಬಸ್ಸಾರಿನ ಹೆಸರು ಆ ವರ್ಷ ಮೂರು ಹೋಬಳಿಗೆ ಹಬ್ಬಿತು. ಎಲ್ಲರದೂ ಆದ ಮೇಲೆ ಅವ್ವ, ಅತ್ತಿಗೆ. ಅವರದಾದ ಮೇಲೆ ಮಾದೇವಿ. ಅದು ಎಲ್ಲ ಮನೆಯಲ್ಲೂ ನಡೆಯುತ್ತಿದ್ದ ಕ್ರಮ. ನಾನು ಆ ಹೊತ್ತಿಗೆ ಮಂಡಿಯಲ್ಲಿರುತ್ತಿದ್ದೆ.

ಮೂರನೆಯ ಸೋಮವಾರ ಬೋರಯ್ಯ ಕಲ್ಲು ಇಟ್ಟ. ಮತ್ತೊಂದು ಇಟ್ಟ. “ಎಂಬತ್ತೆಂಟು,” ಅಂದ. ಅಂದವನು ಯಾವತ್ತಿನ ಹಾಗೆ ಏನಾದರೂ ಒಂದು ತಮಾಷೆ ಸೇರಿಸಬೇಕಿತ್ತು, ಸೇರಿಸಲಿಲ್ಲ. ನಾನು ಖುಷಿಯಿಂದ ಮಾದೇವಿಯ ಕಡೆ ತಿರುಗಿದೆ. ಅವಳು ತಕ್ಕಡಿಯಲ್ಲಿ ಕುಳಿತು ಸರಪಳಿ ಹಿಡಿದುಕೊಂಡಿದ್ದಳು. ಎತ್ತಿದ ಕೈಯ ಬಳೆಗಳು ಜಾರಿ ಮೊಣಕೈ ತನಕ ಬಂದಿದ್ದವು.

ಹೊಗೆಸೊಪ್ಪಿನಲ್ಲಿ ಒಂದು ಮೋಸವಿದೆ. ತೂಗುವ ಮುಂಚೆ ಸೊಪ್ಪಿನ ಕಟ್ಟಿನ ಮೇಲೆ ನೀರು ಚಿಮುಕಿಸುತ್ತಾರೆ. ತಕ್ಕಡಿಯಲ್ಲಿ ಭಾರ, ನೋಡಿದರೆ ಬಡಕಲು. ಹತ್ತು ಗಜ ದೂರದಿಂದಲೇ ನಾನದನ್ನು ಹಿಡಿಯುತ್ತೇನೆಂದು ಹೆಸರು ಮಾಡಿದವನು. ಆ ಬಳೆ ನೋಡಿದ ಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಅದೇ. ತೂಕ ಇದೆ, ಮಾಲಿಲ್ಲ.

“ಮಡಿಲಲ್ಲೇನು?” ಅಂದೆ.

ಅವಳು ಸೀರೆಯ ಮಡಿಲು ಬಿಚ್ಚಿ ಮೊದಲು ಕುಟ್ಟಾಣಿ ತೆಗೆದಿಟ್ಟಳು. ಆಮೇಲೆ ಹುಣಸೆಹಣ್ಣು ಜಜ್ಜುವ ಗುಂಡುಕಲ್ಲು. ಬೋರಯ್ಯ ತೊಲೆಯ ಕಡೆ ಮುಖ ಮಾಡಿಕೊಂಡು ನಿಂತ. ಅವ್ವ, “ಅಯ್ ಶಿವನೇ, ನನ್ ಕುಟ್ಟಾಣಿ!” ಅಂದರು. ಯಾರಾದರೂ ನಗಬೇಕಿತ್ತು. ಯಾರೂ ನಗಲಿಲ್ಲ.

“ತೂಗು ಬೋರಯ್ಯ,” ಅಂದೆ. ಎಂಬತ್ತೆರಡು. ಎರಡು ಪೌಂಡು ಇಳಿದಿತ್ತು.

“ಯಾಕಿಂಗ್ ಮಾಡ್ದೆ?”

“ಕಮ್ಮಿ ಬಂದ್ರೆ ಕಳಿಸ್ಬುಡ್ತೀರಲ್ಲ,” ಅಂದಳು. “ಅಕ್ಕನ್ ಟ್ರಂಕು ಸುಟ್ಟಾಗ ನಾನಲ್ಲೇ ಇದ್ದೆ.”

“ಇಳಿದದ್ದಾದರೂ ಯಾಕೆ? ಮನೆ ತುಂಬ ತಂದು ಹಾಕಿದೀನಲ್ಲೇ! ತಿನ್ನಾಕೇನಾಗಿತ್ತು?”

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. “ತಂದ್ರಿ. ಬೆಳೆಗಾರ್ರಿಗೆ ಬಡ್ಸು ಅಂದ್ರಿ. ಬಡ್ಸಿದೆ.”

ನಾನು ಮಂಡಿಯ ಮೂಟೆಯ ಮೇಲೆ ಕುಳಿತುಬಿಟ್ಟೆ. ಇಪ್ಪತ್ತೇಳು ರೂಪಾಯಿಯ ಹುರುಳಿ, ಹಾಲು, ಬೆಣ್ಣೆ ಯಾರ ಮೈ ಸೇರಿದೆ ಅಂತ ಒಬ್ಬೊಬ್ಬರ ಮುಖ ನೆನಪಾಯಿತು. ನಾನೂ ಅದರಲ್ಲಿದ್ದೆ; ಆ ತಿಂಗಳು ನನ್ನ ಅಂಗಿಯ ಗುಂಡಿ ಬಿಗಿಯಾಗಿತ್ತು. ಅವಳಿಗೆ ಉಳಿಯುತ್ತಿದ್ದದ್ದು ಅರ್ಧ ಮುದ್ದೆ, ಮೇಲಿನ ತಿಳಿ. ಕೇಳಿದ್ದರೆ ಹೇಳುತ್ತಿದ್ದಳೇನೋ. ನಾನು ತಕ್ಕಡಿಯನ್ನು ಕೇಳಿದೆ, ಅವಳನ್ನು ಕೇಳಲಿಲ್ಲ. ಡಾಕ್ಟರು ಕೊಟ್ಟ ತಿಂಗಳಲ್ಲಿ ಉಳಿದಿದ್ದದ್ದು ಒಂಬತ್ತು ದಿನ.

ಅವತ್ತು ಮಧ್ಯಾಹ್ನ ಇಬ್ಬರು ಬೆಳೆಗಾರರು ಬಂದರು. ಅವರನ್ನು ಪೇಟೆಯ ಹೋಟೆಲಿಗೆ ಕಳಿಸಿದೆ. ಅಡುಗೆಮನೆಯಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ನಾನು ಕುಳಿತು, ಇನ್ನೊಂದನ್ನು ತೋರಿಸಿದೆ. ಮನೆಯಲ್ಲಿ ಇನ್ನೂ ಯಾರದೂ ಊಟವಾಗಿರಲಿಲ್ಲ. ಮಾದೇವಿ ಬಾಗಿಲಿಗೆ ಒರಗಿ ನಿಂತಳು, ಕುಳಿತುಕೊಳ್ಳಲಿಲ್ಲ.

ಅವ್ವ ಬಂದು ನೋಡಿದರು. “ಇದೇನ್ಲಾ ಹೊಸ ಆಚಾರ? ಇವ್ಳ ಮಾವ ಉಂಡಿಲ್ಲ, ಬಾವ ಉಂಡಿಲ್ಲ. ನಾನೂ ನಲವತ್ತು ವರ್ಷ ಕೊನೆಗೇ ಉಂಡೋಳು. ಸತ್ನಾ?”

“ನಿನ್ನ ತೂಕ ಯಾರೂ ನೋಡಲಿಲ್ಲ ಅವ್ವ,” ಅಂದೆ.

ಅವರು ಸೌಟು ತೆಗೆದುಕೊಂಡು, ಮಡಕೆಯ ತಳ ಕೆದಕಿ, ಗಟ್ಟಿ ಹುರುಳಿಯನ್ನು ತಾವೇ ಬಡಿಸಿದರು. “ಕೂತ್ಕಳವ್ವ. ಇವನ್ ಮಕ ನೋಡಕ್ಕಾಗಾಕಿಲ್ಲ,” ಅಂದರು.

ಮಾದೇವಿ ಉಂಡಳು. ತಲೆ ತಗ್ಗಿಸಿ, ಕದ್ದವಳ ಹಾಗೆ. ಹೊಸಿಲು ದಾಟಿ ಯಾರಾದರೂ ಬಂದರೆ ಕೈ ನಿಂತುಬಿಡುತ್ತಿತ್ತು. ನಾನು ಎದುರಿಗೆ ಕುಳಿತು ಒಂದೊಂದು ತುತ್ತನ್ನೂ ಎಣಿಸಿದೆ. ಅವಳು ಕೆಮ್ಮಿದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ಉಣ್ಣಿಸಿದರೂ ಏರದೇ ಹೋದರೆ? ಅಲ್ಲಿಯ ತನಕ ಉಣ್ಣಲಿಲ್ಲ ಅನ್ನುವ ನೆಪವಿತ್ತು. ಈಗ ಅದೂ ಇರಲಿಲ್ಲ. ನಿಜವಾದ ಭಯ ಆ ಒಂಬತ್ತು ದಿನದ್ದು.

ತಿಂಗಳು ತುಂಬಿತು. ಮೈಸೂರಿನ ತಕ್ಕಡಿಯಲ್ಲಿ ಎಂಬತ್ತೈದು. ಡಾಕ್ಟರು ಹಾಳೆ ಎಳೆದುಕೊಂಡು ಆಸ್ಪತ್ರೆಗೆ ಸೇರಿಸುವ ಚೀಟಿ ಬರೆಯತೊಡಗಿದರು. ನಾನು ಮೇಜು ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ, ಕುಟ್ಟಾಣಿ, ಗುಂಡುಕಲ್ಲು, ಬೆಳೆಗಾರರು. ಡಾಕ್ಟರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಮಾದೇವಿಯ ಕಡೆ ನೋಡಿದರು.

“ನೀವು ಕೊಟ್ಟಿದ್ದು ಮೂವತ್ತು ದಿನ, ಸ್ವಾಮಿ. ಇವಳು ಉಂಡಿದ್ದು ಒಂಬತ್ತೇ ದಿನ. ಒಂಬತ್ತು ದಿನಕ್ಕೆ ಮೂರು ಪೌಂಡು ಬಂದಿದೆ. ಉಳಿದ ಇಪ್ಪತ್ತೊಂದು ದಿನ ಕೊಡಿ.”

“ಇದು ಮಂಡಿಯಲ್ಲ,” ಅಂದರು.

“ಹದಿನೈದಾದರೂ ಕೊಡಿ.”

ಪೆನ್ನು ಕೆಳಗಿಟ್ಟರು. ಇಪ್ಪತ್ತೊಂದನ್ನೇ ಕೊಟ್ಟರು. ನನ್ನ ಜನ್ಮದಲ್ಲಿ ಅಂಥ ಚೌಕಾಸಿ ಇನ್ನೊಂದು ಮಾಡಿಲ್ಲ. ಮಾಡುವಾಗ ನನ್ನ ಕೈ ಬೆವರಿ ಮೇಜಿನ ಮೇಲೆ ಗುರುತು ಬಿದ್ದಿತ್ತು. ಮೂರು ವಾರಕ್ಕೆ ತೊಂಬತ್ತಮೂರು ಬಂತು. ಎದೆಯ ಫೋಟೋ ಇನ್ನೊಮ್ಮೆ ತೆಗೆಸಿದರು. “ಮನೆಗೆ ಹೋಗಿ,” ಅಂದರು. ಬಸ್ಸಿನಲ್ಲಿ ಅವಳು ಸೆರಗನ್ನು ಬಾಯಿಯಿಂದ ತೆಗೆದು ಹುಣಸೂರು ಬರುವ ತನಕ ನಿದ್ದೆ ಮಾಡಿದಳು. ನನಗೆ ನಿದ್ದೆ ಬರಲಿಲ್ಲ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನೋಡುತ್ತಲೇ ಇದ್ದೆ. ಅದು ಇವತ್ತಿಗೂ ಬಿಟ್ಟಿಲ್ಲ. ಬೆಳಿಗ್ಗೆ ಗಿರಣಿಯಿಂದ ಬಂದವನು ಚೀಲ ಇಳಿಸುವ ಮುಂಚೆಯೇ, “ಉಂಡ್ಯಾ?” ಅಂದೆ. “ಇನ್ನೂ ಒಂಬತ್ತು ಗಂಟೆ ಕಣ್ರೀ!” ಅಂತ ನಕ್ಕಳು.

ಈಗ ನಿಮಗೆ. ಮನೆಯಲ್ಲಿ ಯಾರಾದರೂ ಸೊರಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಹುರುಳಿಯನ್ನು ಹಿಂದಿನ ದಿನವೇ ನೆನೆಸಿ, ಬೇಯಿಸಿದ ಕಟ್ಟು ಚೆಲ್ಲಬೇಡಿ. ಹೆಸರು ಮೊಳಕೆ ಬರಿಸಿ, ಒಗ್ಗದಿದ್ದರೆ ಬೇಯಿಸಿ ಕೊಡಿ. ಕಡಲೆಕಾಯಿ ಎಳ್ಳಿಗೆ ಬೆಲ್ಲ ಹಾಕಿ ಉಂಡೆ ಕಟ್ಟಿ, ಡಬ್ಬವನ್ನು ತಿನ್ನಬೇಕಾದವರ ಕೈಗೆ ಸಿಗುವ ಕಡೆ ಇಡಿ, ನೆಂಟರ ಕಣ್ಣಿಗೆ ಬೀಳುವ ಕಡೆ ಬೇಡ. ಒಂದೇ ಸಲ ಹೊಟ್ಟೆ ಬಿರಿಯ ತಿನ್ನಿಸದೆ ದಿನಕ್ಕೆ ಐದು ಸಲ ಕೊಡಿ. ಹಾಲಿನ ಬೆಲೆಯಲ್ಲಿ ಚೌಕಾಸಿ ಮಾಡಿ, ಅಳತೆಯಲ್ಲಿ ಬೇಡ. ಇಷ್ಟೆಲ್ಲ ಮಾಡಿದ ಮೇಲೆ ಪೇಟೆಗೆ ಹೊರಡಬೇಡಿ. ಯಾರಿಗೆಂದು ತಂದಿರೋ ಅವರಿಗೆ ಮೊದಲು ಬಡಿಸಿ, ಎದುರಿಗೆ ಕುಳಿತು, ತಟ್ಟೆ ಬರಿದಾಗುವ ತನಕ ಏಳಬೇಡಿ.